ವಕೀಲರ ತಲೆ ತಿಕ್ಕಿದ ಕೈ

ಗುಂಡೋಪಂತ ವಕೀಲರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಚಮನಸಾಬ ಬಂದು ತಲೆ ತಿಕ್ಕಿದರೆ ಅರ್ಧ ತಾಸು ಬರುತ್ತಿತ್ತು. ಆ ಅರ್ಧ ತಾಸಿನ ಬಲದ ಮೇಲೆ ಅವರು ದಿನವಿಡೀ ಕಚೇರಿಯಲ್ಲಿ ನಿಲ್ಲುತ್ತಿದ್ದರು.

ಬಾಗಲಕೋಟೆಯ ಕಿಲ್ಲೆಯ ಓಣಿಯಲ್ಲಿ ಅವರ ಮನೆ. ಕಕ್ಷಿದಾರರು ಮುಂಬಾಗಿಲಿನಿಂದ ಬರುತ್ತಿದ್ದರು. ಚಮನಸಾಬ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಬೇವಿನ ಮರದ ಕೆಳಗೆ ಒಂದು ಮಣೆ. ಅದರ ಮೇಲೆ ವಕೀಲರು ಬರಿಮೈಯಲ್ಲಿ ಕೂರುತ್ತಿದ್ದರು. ಆಳು ಔಡಲೆಣ್ಣೆಯ ಬಟ್ಟಲನ್ನು ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದ. ಮೊದಲು ನೆತ್ತಿ. ಆಮೇಲೆ ಕಿವಿಯ ಹಿಂದೆ. ಆಮೇಲೆ ಕುತ್ತಿಗೆಯ ಎರಡು ನರ, ಹೆಗಲು, ಬೆನ್ನು. ಚಮನಸಾಬ ಗರಡಿಯ ಮನುಷ್ಯ. ಒಂದು ಕಾಲಕ್ಕೆ ಮುಧೋಳ, ಜಮಖಂಡಿಯ ತನಕ ಹೋಗಿ ಕುಸ್ತಿ ಹಿಡಿದಿದ್ದ. ಮೊಣಕಾಲು ಹೋದ ಮೇಲೆ ಜನರ ಮೈ ತಿಕ್ಕಿ ಬದುಕುತ್ತಿದ್ದ. ಅವನ ಹೆಬ್ಬೆರಳಿಗೆ ನೋವು ಎಲ್ಲಿ ಕೂತಿದೆ ಎಂದು ಗೊತ್ತಾಗುತ್ತಿತ್ತು.

ತಿಕ್ಕಿಸಿಕೊಂಡು ವಕೀಲರು ಹೊರಸಿನ ಮೇಲೆ ಅಡ್ಡಾಗುತ್ತಿದ್ದರು. ಎದ್ದ ಮೇಲೆ ಸ್ನಾನ ಮಾಡಿ ಮಡಿಯಾಗುತ್ತಿದ್ದರು. ಚಮನಸಾಬ ಕೈ ತೊಳೆಯಲು ಬೊಗಸೆ ಒಡ್ಡಬೇಕು. ಆಳು ಮೇಲಿನಿಂದ ನೀರು ಹೊಯ್ಯಬೇಕು. ಒಂದು ತಾಸು ವಕೀಲರ ತಲೆಯ ಮೇಲಿದ್ದ ಕೈ ಅವರ ಮನೆಯ ತಂಬಿಗೆ ಮುಟ್ಟುವ ಹಾಗಿರಲಿಲ್ಲ.

ಇದು ಇಬ್ರಾಹಿಂಸಾಬನ ಖಟ್ಲೆಯ ಫೀ.

ಇಬ್ರಾಹಿಂಸಾಬ ಚಮನಸಾಬನ ತಂಗಿ ಜೋಹರಾಳ ಗಂಡ. ಇಳಕಲ್ಲಿನ ನೇಕಾರ. ಕುಣಿಮಗ್ಗದಲ್ಲಿ ಸೊಂಟದ ತನಕ ನೆಲದೊಳಗೆ ಇಳಿದು ಕೂತು ಹದಿನಾರು ವರ್ಷ ಒಬ್ಬನೇ ಸಾವ್ಕಾರನ ಸೀರೆ ನೇಯ್ದವನು. ಒಂದು ಶನಿವಾರ ಆ ಸಾವ್ಕಾರನ ಅಂಗಡಿಯಿಂದ ರೇಷ್ಮೆಯ ಲಡಿಗಳು ಕಳವಾದವು. ಕದ್ದವನು ಇಬ್ರಾಹಿಂಸಾಬ ಎಂದು ಸಾವ್ಕಾರ ಫಿರ್ಯಾದು ಕೊಟ್ಟ. ಅಂಗಡಿಯ ಗುಮಾಸ್ತ ಕಣ್ಣಾರೆ ಕಂಡೆ ಎಂದ. ಪೋಲೀಸರು ಬೇಡಿ ಹಾಕಿ, ದಾರಿಯುದ್ದಕ್ಕೂ ನಡೆಸಿಕೊಂಡು ಬಾಗಲಕೋಟೆಗೆ ತಂದು ಕೂಡಿಹಾಕಿದರು. ಲಡಿಗಳು ಸಿಗಲಿಲ್ಲ. ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ.

ಜೋಹರಾ ಎರಡು ಮಕ್ಕಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಳು. ಬಂದ ಮಾರನೆಯ ದಿನವೇ ಓಣಿಯವರ ಹತ್ತಿ ಬಿಡಿಸಲು ಕೂತಳು. ಚಮನಸಾಬ ಮೂವರು ವಕೀಲರ ಬಾಗಿಲಿಗೆ ಹೋದ. ಇಬ್ಬರು ಒಳಗೆ ಕರೆಯಲಿಲ್ಲ. ಮೂರನೆಯವರು ಗುಂಡೋಪಂತರು. ಅವರು ಅವನ ಮುಖ ನೋಡಲಿಲ್ಲ. ಕೈ ನೋಡಿದರು.

"ಗರಡಿ ಚಮನ್ಯಾ ಅಂದ್ರ ನೀನೇ ಏನು? ಫೀ ಬ್ಯಾಡ. ನನ್ನ ತಲಿಯೊಳಗ ಬೆಂಕಿ ಬಿದ್ದಂಗ ಆಗೇದ. ಖಟ್ಲೆ ಮುಗಿಯೂತನಕ ದಿನಾ ಬಂದು ತಿಕ್ಕು."

ಚಮನಸಾಬ ಹೊಸ್ತಿಲ ಹೊರಗಿನ ಕಲ್ಲು ಮುಟ್ಟಿ ಹಣೆಗೆ ಒತ್ತಿಕೊಂಡ.

ವಕೀಲರ ಕಷ್ಟ ಸುಳ್ಳಲ್ಲ. ಸೋಮವಾರ ಬಾಗಲಕೋಟೆ, ಬುಧವಾರ ರೈಲು ಹತ್ತಿ ಬಾದಾಮಿ, ಶುಕ್ರವಾರ ಟಾಂಗಾದಲ್ಲಿ ಹುನಗುಂದ. ಮೂರು ಕಚೇರಿಯ ಧೂಳು ಕುಡಿದು, ಕಟ್ಟು ಕಟ್ಟು ಕಾಗದ ಓದಿ, ಮಧ್ಯಾಹ್ನದ ಊಟವನ್ನು ಹೊತ್ತು ಮುಳುಗಿದ ಮೇಲೆ ಉಣ್ಣುವ ಬಾಳು. ಸಹಿ ಮಾಡುವಾಗ ಬೆರಳು ನಡುಗುತ್ತಿದ್ದವು. ಇಟ್ಟ ಕಾಗದ ಇಟ್ಟಲ್ಲೇ ಇದೆಯೋ ಎಂದು ಮೂರು ಸಲ ಎದ್ದು ನೋಡುತ್ತಿದ್ದರು. ವೈದ್ಯರು ಬಂದರು, ಹೋದರು. ಕೊನೆಗೆ ಅವರ ದಣಿವಿಗೆ ಒಂದು ಮದ್ದು ಸಿಕ್ಕಿತು. ಆ ಮದ್ದಿಗೆ ಎರಡು ಕೈ ಇದ್ದವು. ಆ ಕೈಯ ದಣಿವಿಗೆ ಯಾವ ಮದ್ದೂ ಇರಲಿಲ್ಲ.

ಒಂದು ದಿನ ವಕೀಲರು ಇಬ್ರಾಹಿಂಸಾಬನನ್ನು ನೋಡಲು ಹೋದರು. ಚಮನಸಾಬ ಹಿಂದೆ ಹೋದ. ಸರಳಿನಾಚೆ ಇಬ್ರಾಹಿಂಸಾಬ ಕೂತಿದ್ದ. ನೆಲದ ಮೇಲೆ ಕೂತರೂ ಕಾಲು ಚಾಚಿ, ಮಗ್ಗದ ಕುಣಿಯಲ್ಲಿ ಇಳಿಬಿಟ್ಟಂತೆ ಕೂತಿದ್ದ. ವಕೀಲರಿಗೆ ಒಂದು ಮಾತು ಹೇಳುವುದಿದೆ, ಅವರಿಗೊಬ್ಬರಿಗೇ ಹೇಳುತ್ತೇನೆ ಎಂದ. ಚಮನಸಾಬ ಸರಿದು ನಿಂತ. ಇಬ್ರಾಹಿಂಸಾಬ ಸರಳಿಗೆ ಬಾಯಿ ಹಚ್ಚಿ ಬಹಳ ಹೊತ್ತು ಮಾತಾಡಿದ.

ಹೊರಗೆ ಬಂದ ಮೇಲೆ ಏನಂದ ಎಂದು ಚಮನಸಾಬ ಕೇಳಿದ.

"ಕಕ್ಷಿದಾರ ಹೇಳಿದ್ದು ವಕೀಲನ ಹೊಟ್ಟಿಯೊಳಗ ಇರಬೇಕು," ಎಂದರು ವಕೀಲರು. "ನಿನಗೂ ಹೇಳೂ ಹಂಗಿಲ್ಲ."

ಚಮನಸಾಬನಿಗೆ ಈ ಮಾತು ಹಿಡಿಸಿತು. ಅವನ ಉಸ್ತಾದ ಮುರ್ತುಜಸಾಬ, ಮೈ ತಿಕ್ಕುವ ಕೆಲಸ ಕಲಿಸುವ ಮೊದಲು ಗರಡಿಯ ಕೆಮ್ಮಣ್ಣು ಮುಟ್ಟಿಸಿ ಇಂಥದೇ ಒಂದು ಆಣೆ ಹಾಕಿಸಿದ್ದ. ಮೈ ಸಡಿಲಾದಾಗ ಬಾಯಿಯೂ ಸಡಿಲಾಗುತ್ತದೆ. ಮಂದಿ ಹೆಂಡಿರಿಗೆ ಹೇಳದ್ದನ್ನು ಹೇಳುತ್ತಾರೆ. ಅಳುತ್ತಾರೆ. "ಅದನ್ನ ಹೊರಗ ಹೇಳಬ್ಯಾಡ," ಎಂದಿದ್ದ ಉಸ್ತಾದ. "ಹೇಳಿದಿ ಅಂದ್ರ ಇನ್ನೊಮ್ಮೆ ಯಾರ ಮೈನೂ ಮುಟ್ಟಬ್ಯಾಡ. ನಾ ಸತ್ತ ಮ್ಯಾಲೂ ಮುಟ್ಟಬ್ಯಾಡ." ಇಪ್ಪತ್ತು ವರ್ಷ ಚಮನಸಾಬ ಎಷ್ಟೋ ಮನೆಗಳ ಗುಟ್ಟು ಕೇಳಿದ್ದ. ಎಣ್ಣೆ ಒರೆಸಿಕೊಂಡು ಎದ್ದು ಬಂದಿದ್ದ. ವಕೀಲರದೂ ತನ್ನಂಥದೇ ಉದ್ಯೋಗ ಎಂದು ಅವನಿಗೆ ಅನಿಸಿತು. ತಪ್ಪು ಅನಿಸಿಕೆ. ಆದರೆ ಆ ತಪ್ಪಿನ ಮೇಲೆ ಅವನು ಹದಿನೈದು ದಿನ ನೆಮ್ಮದಿಯಿಂದ ಇದ್ದ.

ವಿಚಾರಣೆಗೆ ನಾಲ್ಕು ದಿನ ಇತ್ತು. ಅಂದು ಬೆಳಿಗ್ಗೆ ವಕೀಲರ ಕುತ್ತಿಗೆ ಕಲ್ಲಾಗಿತ್ತು. ಚಮನಸಾಬ ಎರಡೂ ಹೆಬ್ಬೆರಳನ್ನು ಊರಿ, ತನ್ನ ಮೈಯ ಭಾರವನ್ನೆಲ್ಲ ಹಾಕಿ ತಿಕ್ಕಿದ. ಅವನ ಬೆವರು ಅವರ ಬೆನ್ನ ಮೇಲೆ ಬಿತ್ತು. ವಕೀಲರ ತಲೆ ಮುಂದಕ್ಕೆ ಜೋತುಬಿತ್ತು. ಕಣ್ಣು ಮುಚ್ಚಿತು. ಬಾಯಿ ತೆರೆಯಿತು.

"ಚಮನ್ಯಾ, ಹೇಳಿಬಿಟ್ಟೆನೋ."

ಏನ್ರಿ ಎಂದು ಅವನು ಕೇಳಲಿಲ್ಲ. ಕೇಳುವ ಪದ್ಧತಿಯಿಲ್ಲ. ಅವರೇ ಹೇಳಿದರು. ಕಳವಾದ ಆ ಶನಿವಾರ ಇಬ್ರಾಹಿಂಸಾಬ ಇಳಕಲ್ಲಿನಲ್ಲೇ ಇರಲಿಲ್ಲ. ಅಮೀನಗಡದ ದನದ ಸಂತೆಯಲ್ಲಿದ್ದ. ಅವನ ಜತೆ ಇನ್ನೂ ಐದು ಮಂದಿ ನೇಕಾರರಿದ್ದರು. ದೇವಪ್ಪ, ಬೀರಲಿಂಗಪ್ಪ, ಲಾಡಸಾಬ, ಅಹ್ಮದಸಾಬ, ಅಬ್ದುಲಸಾಬ. ಎಮ್ಮೆಗಳ ಹಿಂದೆ ಕೂತು, ಈ ಸಾವ್ಕಾರನನ್ನು ಬಿಡೋಣ, ಗುಳೇದಗುಡ್ಡದ ಬೇರೊಬ್ಬನಿಗೆ ನೇಯೋಣ ಎಂದು ಮಾತಾಗಿತ್ತು. ಐವರೂ ಬಂದು ಸಾಕ್ಷಿ ಹೇಳಿದರೆ ಇಬ್ರಾಹಿಂಸಾಬ ಅದೇ ದಿನ ಹೊರಗೆ. ಅಲ್ಲಿಯ ತನಕ ಹೆಸರು ಯಾರಿಗೂ ಗೊತ್ತಾಗಬಾರದು ಎಂದು ಅವನು ವಕೀಲರಿಗೆ ಕೈ ಮುಗಿದು ಕೇಳಿಕೊಂಡಿದ್ದ.

"ಆ ಸಾವ್ಕಾರ ನನಗ ಹತ್ತ ವರ್ಷದ ಕಕ್ಷಿದಾರ," ಎಂದರು ವಕೀಲರು. ಕಣ್ಣು ಮುಚ್ಚಿಯೇ ಇತ್ತು. "ಅವನ ಹೊಲಮನಿ ಖಟ್ಲೆ ಎಲ್ಲಾ ನನ್ನ ಕಡೇನ ಅವ. ಅಂವ ಬಂದು ಗಾದಿ ಮ್ಯಾಲ ಕೂತ. ಎಲಿ ಹಾಕ್ಕೊಂಡ. ನಿಮ್ಮ ಕಳ್ಳ ಏನಂತಾನ್ರಿ ಅಂದ. ಬಾಯಿಂದ ಬಿತ್ತೋ. ಐದೂ ಹೆಸರು. ಅಂವ ನನ್ನ ಬಿಟ್ಟರ ಇಳಕಲ್ಲ ಎಲ್ಲಾ ನನ್ನ ಬಿಡತದ. ನಾ ಏನ ಮಾಡ್ಲಿ ಹೇಳು. ಅವತ್ತಿಂದ ಅನ್ನ ಇಳಿಯವಲ್ದು."

ಚಮನಸಾಬನ ಕೈ ನಿಂತವು. ಹೆಬ್ಬೆರಳಿನ ಕೆಳಗೆ ವಕೀಲರ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು. ತೆಳ್ಳನೆಯ ಕುತ್ತಿಗೆ. ಅದಕ್ಕಿಂತ ದಪ್ಪ ಕುತ್ತಿಗೆಗಳನ್ನು ಅವನು ಕುಸ್ತಿಯಲ್ಲಿ ಮಣ್ಣಿಗೆ ಹಚ್ಚಿದ್ದ.

"ಯಾಕ ನಿಲ್ಲಿಸಿದಿ? ತಿಕ್ಕು."

ಚಮನಸಾಬ ತಿಕ್ಕಿದ.

ಹೌದು, ತಿಕ್ಕಿದ. ನಾಲ್ಕು ದಿನದಲ್ಲಿ ಬೇರೆ ವಕೀಲ ಸಿಗುವುದಿಲ್ಲ. ಇವರು ಸಿಟ್ಟಾದರೆ ಇರುವವರೂ ಹೋಗುತ್ತಾರೆ. ನೆತ್ತಿ ತಿಕ್ಕಿದ, ಕಿವಿಯ ಹಿಂದೆ ತಿಕ್ಕಿದ, ಬೆನ್ನು ತಿಕ್ಕಿದ. ಹೇಳಿ ಹಗುರಾಗಿದ್ದ ವಕೀಲರು ಅಂದು ಎರಡು ತಾಸು ಮಲಗಿದರು. ಗೊರಕೆ ಹಿತ್ತಲ ಬಾಗಿಲಿನ ತನಕ ಕೇಳುತ್ತಿತ್ತು. ಚಮನಸಾಬ ಬೊಗಸೆ ಒಡ್ಡಿ ಕೈ ತೊಳೆದುಕೊಂಡ. ನೀರು ಸಾಕಾಗಲಿಲ್ಲ. ಇನ್ನಷ್ಟು ಹಾಕು ಎಂದರೆ ಆಳು ತಂಬಿಗೆ ಎತ್ತಿಕೊಂಡು ಹೋದ.

ಮನೆಯಲ್ಲಿ ಜೋಹರಾ ಕೇಳಿದಳು. ವಕೀಲರು ಏನಂದರು? ಏನೂ ಅನ್ನಲಿಲ್ಲ ಎಂದ. ಜ್ವರ ಬಂದಿದೆ, ಎರಡು ದಿನ ಬರುವುದಿಲ್ಲ ಎಂದು ವಕೀಲರಿಗೆ ಹೇಳಿಕಳಿಸಿದ. ಹತ್ತಿಯ ಗಾಡಿಯ ಹಿಂದೆ ಕೂತು ಇಳಕಲ್ಲಿಗೆ ಹೋದ.

ಮೊದಲು ದೇವಪ್ಪನ ಮನೆ. ಬಾಗಿಲಲ್ಲೇ ಮಗ್ಗದ ಕುಣಿ ಕಂಡಿತು. ಕುಣಿಯ ಮೇಲೆ ನೇಯ್ಗೆ ಇರಲಿಲ್ಲ. ಹಾಸಿನ ನೂಲನ್ನು ಅಡ್ಡಕ್ಕೆ ಕೊಯ್ದು ತೆಗೆದಿದ್ದರು. ಮರಕ್ಕೆ ಅಂಟಿದ ಕೆಂಪು ಎಳೆ ಇನ್ನೂ ಜೋತಾಡುತ್ತಿದ್ದವು. ಹತ್ತು ದಿನದ ಹಿಂದೆ ಸಾವ್ಕಾರನ ಮಂದಿ ಬಂದಿದ್ದರು. ಒಂದೇ ದಿನ ಐದು ಮನೆ. ಐದೇ ಮನೆ. ಆರನೆಯದಕ್ಕೆ ಹೋಗಲಿಲ್ಲ. ಕಚೇರಿಯ ಕಡೆ ತಲೆ ಹಾಕದಿದ್ದರೆ ಹೊಸ ಹಾಸು ಕೊಡುತ್ತೇವೆ ಎಂದು ಹೇಳಿ ಹೋಗಿದ್ದರು.

ದೇವಪ್ಪ ಕುಣಿಯ ಅಂಚಿಗೆ ಕೂತಿದ್ದ. ನಾ ಯಾವ ಸಂತೆಗೂ ಹೋಗಿಲ್ಲ ಎಂದ. ಎರಡನೆಯ ಸಲವೂ ಅದನ್ನೇ ಎಂದ. ಚಮನಸಾಬನ ಮುಖ ನೋಡಲಿಲ್ಲ. ಅವನ ಹೆಂಡತಿ ಸಕ್ರವ್ವ ಒಳಗಿನಿಂದ ಬಂದಳು.

"ಖರೆ ಹೇಳ್ಲಿ ಏನ ಚಮನಣ್ಣಾ? ಆರ ಮಂದಿ ಬಿಟ್ಟರ ಯಾರಿಗೂ ಗೊತ್ತಿದ್ದಿಲ್ಲ. ಐದ ಮಂದಿ ಮಗ್ಗ ಹೋತು. ಆರನೇದಾಂವ ಯಾರು? ನಿನ್ನ ತಂಗಿ ಗಂಡ. ತಾ ಉಳೀಲಿಕ್ಕೆ ನಮ್ಮನ್ನ ಹಿಡಕೊಟ್ಟ. ಮ್ಯಾಲ ನೀ ಸಾಕ್ಷಿ ಕೇಳಾಕ ಬಂದಿ. ನಾಚಿಕಿ ಬರಂಗಿಲ್ಲ?"

ಬಾಯಿಗೆ ಬಂದದ್ದನ್ನು ಚಮನಸಾಬ ನುಂಗಿದ. ಹೆಸರು ಕೊಟ್ಟವನು ಯಾರು ಎಂದು ಅವನಿಗೆ ಗೊತ್ತಿತ್ತು. ಗೊತ್ತಾದದ್ದು ಮೈ ತಿಕ್ಕುವಾಗ. ಕೆಮ್ಮಣ್ಣು ಮುಟ್ಟಿ ಹಾಕಿದ ಆಣೆ ಅಡ್ಡ ಬಂತು. ಅವನು ಸಕ್ರವ್ವನ ಎದುರು ತಲೆ ತಗ್ಗಿಸಿ ನಿಂತ. ತಗ್ಗಿಸಿದ ತಲೆಯನ್ನು ಅವಳು ಒಪ್ಪಿಗೆ ಎಂದು ತಿಳಿದಳು. ಬೀರಲಿಂಗಪ್ಪ ಬಾಗಿಲು ತೆಗೆಯಲಿಲ್ಲ. ಲಾಡಸಾಬ ಊರಲ್ಲಿಲ್ಲ ಎಂದರು. ಒಳಗೆ ಅವನ ಕೆಮ್ಮು ಕೇಳಿಸುತ್ತಿತ್ತು. ಅಹ್ಮದಸಾಬ, ಅಬ್ದುಲಸಾಬ ಅಣ್ಣತಮ್ಮಂದಿರು. ಇಬ್ಬರೂ ಮಸೀದಿಯ ಮುಂದೆ ಸಿಕ್ಕರು. ಸಲಾಮಿಗೆ ಸಲಾಮು ಹೇಳದೆ ಹೋದರು.

ವಿಚಾರಣೆಯ ದಿನ ಕಚೇರಿ ತುಂಬಿತ್ತು. ಮೇಲೆ ಪಂಖ ಆಡುತ್ತಿತ್ತು. ಹೊರಗೆ ಯಾರೋ ಅದರ ಹಗ್ಗ ಎಳೆಯುತ್ತಿದ್ದರು. ಎಳೆಯುವವನು ಕಾಣುತ್ತಿರಲಿಲ್ಲ. ಇಬ್ರಾಹಿಂಸಾಬ ಕಟಕಟೆಯಲ್ಲಿ ನಿಂತು ಬಾಗಿಲ ಕಡೆ ನೋಡುತ್ತಿದ್ದ. ಐದು ಮುಖ ಹುಡುಕುತ್ತಿದ್ದ. ಜೋಹರಾ ಹೊರಗೆ ಕಟ್ಟೆಯ ಮೇಲೆ ಮಕ್ಕಳ ಜತೆ ಕೂತಿದ್ದಳು.

ಗುಮಾಸ್ತ ತಾನು ಕಂಡದ್ದನ್ನು ಒಪ್ಪಿಸಿದ. ಪಾಠ ಒಪ್ಪಿಸಿದ ಹಾಗಿತ್ತು. ಗುಂಡೋಪಂತರು ಪಾಟೀಸವಾಲಿಗೆ ಎದ್ದರು. ಎರಡು ಪ್ರಶ್ನೆ ಕೇಳಿದರು. ಅಂಗಡಿಯ ಬಾಗಿಲು ಯಾವ ದಿಕ್ಕಿಗಿದೆ? ಅಂದು ಮೋಡ ಇತ್ತೋ, ಬಿಸಿಲಿತ್ತೋ? ಕೂತರು. ಆರೋಪಿಯ ಕಡೆ ಸಾಕ್ಷಿ ಯಾರಿದ್ದಾರೆ ಎಂದು ಮ್ಯಾಜಿಸ್ಟ್ರೇಟ ಸಾಹೇಬ ಕೇಳಿದ. ಯಾರೂ ಇಲ್ಲ ಎಂದರು. ಇಬ್ರಾಹಿಂಸಾಬ ಬಾಯಿ ತೆರೆದ. ವಕೀಲರು ಕೈ ಎತ್ತಿ ಸುಮ್ಮನಿರು ಎಂದರು. ವಕೀಲರು ಅಂದರೆ ತನ್ನವರು. ಅವನು ಸುಮ್ಮನಾದ.

ಹಿಂದಿನ ಗೋಡೆಗೆ ನಿಂತಿದ್ದ ಚಮನಸಾಬ ಮುಂದೆ ಬಂದ. ಬಾಗಿಲು ಕಾಯುವ ಪಟ್ಟೇವಾಲಾ ಅಡ್ಡಗಟ್ಟಿದ. ಚಮನಸಾಬ ಅವನನ್ನು ಮಗುವಿನಂತೆ ಎತ್ತಿ ಬದಿಗಿಟ್ಟ.

"ಸಾಹೇಬ್ರ, ಸಾಕ್ಷಿ ಐದ ಮಂದಿ ಅದಾರ್ರಿ. ಅವರ ಹೆಸರ ಈ ವಕೀಲಸಾಹೇಬ್ರ ಸಾವ್ಕಾರಗ ಹೇಳ್ಯಾರ. ಸಾವ್ಕಾರ ಅವರ ಬಾಯಿ ಕಟ್ಯಾನ. ನಮ್ಮ ಇಬ್ರಾಹಿಂ ಹೇಳಿಲ್ರಿ. ಇವರು ಹೇಳ್ಯಾರ."

ಇಪ್ಪತ್ತು ವರ್ಷದ ಆಣೆ ಇಷ್ಟು ಮಾತಿನಲ್ಲಿ ಮುಗಿಯಿತು.

ಸಾಹೇಬ ಶಿರಸ್ತೇದಾರನ ಮುಖ ನೋಡಿದ. ಶಿರಸ್ತೇದಾರ ಕೇಳಿದ. ನೀನು ಯಾರು? ಮೈ ತಿಕ್ಕುವವನು. ನಿನಗೆ ಹೇಗೆ ಗೊತ್ತು? ಇವರೇ ಹೇಳಿದರು. ಯಾವಾಗ?

"ತಲಿ ತಿಕ್ಕೂ ಮುಂದರಿ."

ಯಾರೋ ಕಿಸಕ್ಕೆಂದರು. ಎಚ್ಚರವಿದ್ದರೋ ನಿದ್ದೆಯಲ್ಲಿದ್ದರೋ ಎಂದು ಶಿರಸ್ತೇದಾರ ಕೇಳಿದ. ಸುಳ್ಳು ಹೇಳಲು ಚಮನಸಾಬನಿಗೆ ಬರುತ್ತಿರಲಿಲ್ಲ.

"ಅರ್ಧಾ ನಿದ್ದಿಯೊಳಗರಿ."

ಆಗ ಇಡೀ ಕಚೇರಿ ನಕ್ಕಿತು. ಎಣ್ಣೆಗೆ ಯಾವ ಔಷಧ ಹಾಕುತ್ತೀಯೋ, ನಮಗೂ ಒಂದಿಷ್ಟು ಕೊಡು ಎಂದು ವಕೀಲರ ಬೆಂಚಿನಿಂದ ಒಬ್ಬರು ಅಂದರು. ಶಿರಸ್ತೇದಾರನ ಲೇಖನಿ ಕೆಳಗೇ ಇತ್ತು. ಒಂದಕ್ಷರ ಬರೆಯಲಿಲ್ಲ. ಸಾಹೇಬ ಮಾತ್ರ ನಗಲಿಲ್ಲ. ಇದಕ್ಕೆ ನೀವೇನು ಹೇಳುತ್ತೀರಿ ಎಂದು ಗುಂಡೋಪಂತರನ್ನು ಕೇಳಿದ.

ಅವರು ಎದ್ದರು. ಕೋಟಿನ ಜೇಬಿಗೆ ಕೈ ಇಳಿಸಿದರು.

ಕಕ್ಷಿದಾರ ತನಗೆ ಹೇಳಿದ್ದನ್ನು ಕಚೇರಿಯಲ್ಲಾಗಲಿ ಹೊರಗಾಗಲಿ ಬಿಚ್ಚುವುದು ವಕೀಲನ ಧರ್ಮವಲ್ಲ, ಅದರ ಬಗ್ಗೆ ತಾನು ಒಂದು ಮಾತೂ ಆಡಲಾರೆ ಎಂದರು. ಈ ಬಡವ ತಂಗಿಯ ಚಿಂತೆಯಲ್ಲಿ ತಲೆ ಕೆಡಿಸಿಕೊಂಡಿದ್ದಾನೆ, ಶಿಕ್ಷೆ ಕೊಡದೆ ಹೊರಗೆ ಕಳಿಸಬೇಕು ಎಂದು ಕೈ ಮುಗಿದರು.

ಸಾಹೇಬ ತಲೆಯಾಡಿಸಿದ. ಸರಿಯಾದ ಮಾತು ಎಂದ. ಬೆಂಚಿನ ವಕೀಲರೂ ತಲೆಯಾಡಿಸಿದರು. ಪಟ್ಟೇವಾಲಾ ಮತ್ತಿಬ್ಬರನ್ನು ಕರೆದುಕೊಂಡು ಬಂದು ಚಮನಸಾಬನನ್ನು ತಳ್ಳಿಕೊಂಡು ಹೋದ. ಅವನು ಕೈ ಎತ್ತಲಿಲ್ಲ. ಎತ್ತಿದ್ದರೆ ಮೂವರೂ ನೆಲಕ್ಕಿರುತ್ತಿದ್ದರು.

ಇಬ್ರಾಹಿಂಸಾಬನಿಗೆ ಒಂದು ವರ್ಷ ಸಕ್ತಮಜೂರಿಯ ಶಿಕ್ಷೆ ಆಯಿತು.

ಬೇಡಿ ಹಾಕಿ ಕರೆತಂದಾಗ ಅವನು ಕಟ್ಟೆಯ ಹತ್ತಿರ ನಿಂತ. ಹೆಂಡತಿಯನ್ನು ನೋಡಲಿಲ್ಲ. ಮಕ್ಕಳನ್ನು ನೋಡಲಿಲ್ಲ.

"ಭಾವಾ, ಆ ಐದೂ ಮಂದಿಗೆ ಹೇಳು. ಹೆಸರ ನಾ ಕೊಟ್ಟಿಲ್ಲಂತ ಹೇಳು."

ಪೋಲೀಸ ಎಳೆದ. ವಿಜಾಪುರದ ಜೈಲಿಗೆ ಹೋಗುವ ದಾರಿಯಲ್ಲೂ ಅವನು ಅದನ್ನೇ ಹೇಳುತ್ತ ಹೋದನಂತೆ. ಚಮನಸಾಬ ಮತ್ತೊಮ್ಮೆ ಇಳಕಲ್ಲಿಗೆ ಹೋಗಿ ಐದು ಬಾಗಿಲಿಗೂ ಹೇಳಿದ. ತಂಗಿಯ ಗಂಡನ ಪರ ಮತ್ತೇನು ಹೇಳುತ್ತಾನೆ ಎಂದರು. ದೇವಪ್ಪನ ಕುಣಿಯಲ್ಲಿ ಹೊಸ ಹಾಸು ಇತ್ತು. ಅವನು ಸೊಂಟದ ತನಕ ಇಳಿದು ನೇಯುತ್ತಿದ್ದ. ಅದೇ ಸಾವ್ಕಾರನ ಸೀರೆ. ತಲೆ ಎತ್ತಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೇಳಿದ ಮೇಲೆ ಜೋಹರಾ ಒಂದೇ ಮಾತು ಕೇಳಿದಳು.

"ಅಣ್ಣಾ, ನಾಕ ದಿನ ಮೊದಲ ನಿನಗ ಗೊತ್ತಿತ್ತು. ನಾಕ ದಿನ ಯಾಕ ಬಾಯಿ ಮುಚ್ಚಿದಿ?"

ಆಣೆ ಎಂದರೆ ಅವಳು ಏನಂದುಕೊಳ್ಳುತ್ತಿದ್ದಳು? ಅವಳ ಮಡಿಲ ತುಂಬ ಮಂದಿಯ ಹತ್ತಿ. ಬೆರಳ ತುದಿ ಸಿಪ್ಪೆ ತಾಗಿ ಸೀಳಿದ್ದವು. ಅವಳು ಮತ್ತೆ ಹತ್ತಿ ಬಿಡಿಸತೊಡಗಿದಳು.

ಮರುದಿನ ಚಮನಸಾಬ ಗರಡಿಗೆ ಹೋದ. ಉಸ್ತಾದ ಸತ್ತು ಎಂಟು ವರ್ಷ ಆಗಿತ್ತು. ಕೇಳುವವರು ಯಾರೂ ಇರಲಿಲ್ಲ. ಕೆಮ್ಮಣ್ಣಿನ ಎದುರು ಸ್ವಲ್ಪ ಹೊತ್ತು ನಿಂತು, ಒಳಗೆ ಕಾಲಿಡದೆ, ತನ್ನ ಎಣ್ಣೆಯ ಬಟ್ಟಲನ್ನು ಬಾಗಿಲಲ್ಲಿಟ್ಟು ಬಂದ. ರೈಲು ಸ್ಟೇಶನ್ನಿನಲ್ಲಿ ಹಮಾಲಿಗೆ ನಿಂತ. ಹತ್ತಿಯ ಅಂಡಿಗೆ, ಶೇಂಗಾದ ಚೀಲ. ಮೊಣಕಾಲು ಹೋದವನಿಗೆ ಬೆನ್ನ ಮೇಲೆ ಹೊರೆ ಬಿದ್ದರೆ ಏನಾಗುತ್ತದೆ ಎಂದು ಹೊತ್ತವರಿಗೆ ಗೊತ್ತು. ಮೂರನೆಯ ವಾರಕ್ಕೆ ಅವನ ಅಂಗೈಯಲ್ಲಿ ಹಗ್ಗದ ಗುರುತು ಬಿದ್ದು ಚರ್ಮ ಬಿರುಸಾಯಿತು. ನೋವು ಎಲ್ಲಿದೆ ಎಂದು ಹುಡುಕುವ ಹೆಬ್ಬೆರಳು ಮೊಂಡಾಯಿತು.

ಒಂದು ಬುಧವಾರ ಗುಂಡೋಪಂತರು ಬಾದಾಮಿಯ ಗಾಡಿಗೆ ಬಂದರು. ಕಣ್ಣ ಕೆಳಗೆ ಕರಿ. ಮೈ ಇಳಿದಿತ್ತು. ಪ್ಲಾಟಫಾರ್ಮಿನ ತುದಿಗೆ ಚೀಲಗಳ ಹತ್ತಿರ ತಾವೇ ನಡೆದು ಬಂದರು. ಮುಂಬಾಗಿಲು ಹಿತ್ತಲ ಬಾಗಿಲು ಇಲ್ಲದ ಜಾಗ ಅದು.

"ಚಮನ್ಯಾ, ಆದದ್ದು ಆತು. ನಾಳಿಂದ ಬಾ. ಮೂರ ಮಂದಿನ್ನ ಕರಿಸಿದೆ. ಯಾರ ಕೈಯೂ ಹತ್ತವಲ್ದು. ಒಂದ ತಾಸು ಕಣ್ಣು ಮುಚ್ಚಿದ್ರ ನಾ ಬದಕತೇನಿ."

"ಬರೂದಿಲ್ರಿ."

"ರೊಕ್ಕಾ ಕೊಡತೇನಿ."

"ರೊಕ್ಕದ ಮಾತಲ್ರಿ. ಕೈ ಕೆಳಗ ಕೇಳಿದ್ದನ್ನ ನಾ ಹೊರಗ ಹೇಳೇನಿ. ಇನ್ನ ಯಾರ ಮೈನೂ ಮುಟ್ಟೂ ಹಂಗಿಲ್ಲ. ನಮ್ಮ ಉಸ್ತಾದಂದು ಹಂಗ ಐತಿ."

ವಕೀಲರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗಲು ನೋಡಿದರು. ನಗು ಬರಲಿಲ್ಲ. ದನಿ ಇಳಿಸಿದರು.

"ಹುಚ್ಚಾ, ನೀ ಹೇಳಿದ್ದು ಯಾರ ನಂಬಿದ್ರು? ಕಾಗದದಾಗ ಬರದೂ ಇಲ್ಲ. ಹೇಳಿಲ್ಲಂತನ ತಿಳಿ."

"ನೀವು ಹಂಗ ತಿಳದೀರೇನ್ರಿ?"

ವಕೀಲರು ಗಾಡಿ ಬರುವ ದಿಕ್ಕಿಗೆ ನೋಡಿದರು.

"ನಿಮಗೂ ಒಬ್ಬ ಉಸ್ತಾದ ಇದ್ದಿರಬೇಕಲ್ರಿ," ಎಂದ ಚಮನಸಾಬ. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು. "ಅಂವ ಏನೂ ಹೇಳಿರಲಿಲ್ಲೇನು?"

"ವಕೀಲಕಿ ಸನದು ಅದ," ಎಂದರು ವಕೀಲರು. "ಗೋಡಿಗೆ ಹಾಕೇನಿ."

ಗಾಡಿ ಬಂತು. ಅವರು ಹೋಗಿ ಹತ್ತಿದರು. ಕಿಟಕಿಗೆ ಕೂತು ತಲೆ ಹಿಡಿದುಕೊಂಡರು. ಚಮನಸಾಬ ಬಗ್ಗಿದ. ಇಬ್ಬರು ಸೇರಿ ಅವನ ಬೆನ್ನಿಗೆ ಚೀಲ ಹೇರಿದರು. ತಲೆ ಎತ್ತಿ ನೋಡಿದರೆ ವಕೀಲರ ಕಿಟಕಿಯ ಹತ್ತಿರ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹರಿದ ಸೀರೆ, ಕಾಲಲ್ಲಿ ಧೂಳು. ಎಲ್ಲಿಂದಲೋ ನಡೆದು ಬಂದವಳು. ಸರಳಿಗೆ ಮುಖ ಹಚ್ಚಿ, ಬಾಯಿಗೆ ಸೆರಗು ಅಡ್ಡ ಹಿಡಿದು, ವಕೀಲರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ವಕೀಲರು ಹೂಂ ಅನ್ನುತ್ತಿದ್ದರು.

ಚಮನಸಾಬ ಹೊರೆಯೊಂದಿಗೇ ಆ ಕಡೆ ಹೊರಳಿದ. ಮೊಣಕಾಲು ಕಟಕ್ಕೆಂದಿತು. ಹತ್ತು ಹೆಜ್ಜೆ ಹೋದ.

"ಯವ್ವಾ, ಹೇಳಬ್ಯಾಡ. ಅವರಿಗೆ ಏನೂ ಹೇಳಬ್ಯಾಡ."

ಅವಳು ಬೆಚ್ಚಿ ಹಿಂತಿರುಗಿದಳು. ಬಾಗಿದ ಮೈ, ಬೆವರು, ಚೀಲದ ಕೆಳಗೆ ಅರ್ಧ ಕಾಣುವ ಮುಖ. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

"ಯಾರ್ರಿ ಅಂವ?"

"ಯಾರೂ ಅಲ್ಲ," ಎಂದರು ವಕೀಲರು. "ಹಮಾಲ. ನೀ ಹೇಳು."

ಅವಳು ಹೇಳಿದಳು.